ಕಣ್ಣು ಕಾಣದವರು ಹಳೇ ವೀಡಿಯೋ ಗೇಮ್ ಆಡುವುದು ಹೇಗೆ: ಕಿವಿಯನ್ನೇ ನಂಬಿ ಹೊರಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಗೆ ಟಿವಿ ಗೇಮ್ ಬಂದದ್ದು 90ರ ದಶಕದ ಒಂದು ಬೇಸಿಗೆ ರಜೆಯಲ್ಲಿ. ಚಿಕ್ಕಪ್ಪ ತಂದಿದ್ದರು. ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿದೆ ಎಂದು ಅಣ್ಣ ಓದಿ ಹೇಳಿದ್ದ. ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಆದರೂ ಮಾರಿಯೋ ಎಲ್ಲಿ ಹಾರಿದ, ಎಲ್ಲಿ ನಾಣ್ಯ ಹಿಡಿದ, ಯಾವಾಗ ಸತ್ತ ಅನ್ನುವುದೆಲ್ಲ ಮಂಚದ ಮೇಲೆ ಕೂತಲ್ಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನ ಅಜ್ಜ ಮಲಗಿದ ಮೇಲೆ ಮಾತ್ರ ಕಷ್ಟ. ಅವರಿಗೆ ಎಚ್ಚರವಾಗಬಾರದು ಅಂತ ಅಣ್ಣ ಸೌಂಡ್ ಪೂರ್ತಿ ಇಳಿಸಿ ಆಡುತ್ತಿದ್ದ. ಅವನ ಆಟ ನಡೆಯುತ್ತಲೇ ಇರುತ್ತಿತ್ತು. ನನ್ನ ಪಾಲಿಗೆ ಕರೆಂಟ್ ಹೋದ ಹಾಗೆ.

ಈಗ ಅದೇ ಕಾಲದ ಆಟಗಳನ್ನು ನಾನೇ ಆಡುತ್ತೇನೆ. ಕೆಲವನ್ನು ಚೆನ್ನಾಗಿ, ಕೆಲವನ್ನು ಹೇಗೋ. ಕೆಲವು ಆಟಗಳಿಗೆ ಕೈಮುಗಿದು ಬಿಟ್ಟಿದ್ದೇನೆ. ಇಲ್ಲಿ ಬರೆದಿರುವುದು ವಿಂಡೋಸ್ ಕಂಪ್ಯೂಟರ್ ಮತ್ತು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಅಕ್ಷರ ಓದಿ ಹೇಳುವ ಪ್ರೋಗ್ರಾಮ್, ಬಳಸುವವರಿಗಾಗಿ. ಮೊಬೈಲ್‌ನಲ್ಲೂ ಹಳೇ ಆಟಗಳು ಓಡುತ್ತವೆ, ಆದರೆ ಗಾಜಿನ ಮೇಲಿನ ಬಟನ್ ಬೆರಳಿಗೆ ಸಿಗುವುದಿಲ್ಲ. ಆ ದಾರಿ ಬೇಡ.

ಮೊದಲು ಒಂದು ವಿಷಯ: ಸದ್ದು ಏನು ಹೇಳುತ್ತದೆ, ಏನು ಹೇಳುವುದಿಲ್ಲ

1972ರ ಪಾಂಗ್ ಎಂಬ ಟೇಬಲ್ ಟೆನಿಸ್ ಥರದ ಆಟ ತಗೊಳ್ಳಿ. ಚೆಂಡು ಬ್ಯಾಟ್‌ಗೆ ಬಡಿದರೆ ಒಂದು ಸದ್ದು, ಗೋಡೆಗೆ ಬಡಿದರೆ ಇನ್ನೊಂದು, ಪಾಯಿಂಟ್ ಹೋದರೆ ಮತ್ತೊಂದು. ಮೂರೂ ಬೇರೆಬೇರೆ. ಆದರೂ ಕಣ್ಣು ಕಾಣದವರು ಪಾಂಗ್ ಆಡಲಾರರು. ಯಾಕೆ? ಚೆಂಡು ಯಾವಾಗ ಬಡಿಯಿತು ಅನ್ನುವುದನ್ನು ಸದ್ದು ಹೇಳುತ್ತದೆ. ಎಲ್ಲಿದೆ ಅನ್ನುವುದನ್ನು ಹೇಳುವುದಿಲ್ಲ. ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ಗೊತ್ತಾಗದೆ ಬ್ಯಾಟ್ ಹಿಡಿದು ಏನು ಮಾಡುವುದು?

ಯಾವ ಹಳೇ ಆಟವನ್ನೇ ಕೈಗೆತ್ತಿಕೊಂಡರೂ ಕೇಳಬೇಕಾದದ್ದು ಇಷ್ಟೇ. ಇದರ ಸದ್ದು ‘ಯಾವಾಗ’ ಅಂತ ಮಾತ್ರ ಹೇಳುತ್ತದೋ, ‘ಎಲ್ಲಿ’ ಅಂತಲೂ ಹೇಳುತ್ತದೋ? ‘ಯಾವಾಗ’ ಒಂದೇ ಸಾಕಾಗುವ ಆಟಗಳಿವೆ, ಅವು ನಮಗೆ ಸುಲಭ. ‘ಎಲ್ಲಿ’ ಬೇಕಾಗಿಯೂ ಹೇಳದ ಆಟಗಳಿಗೆ ಹೊರಗಿನಿಂದ ಏನಾದರೂ ಸಹಾಯ ಜೋಡಿಸಬೇಕು. ಈ ಬರಹದ ತುಂಬ ನಾವು ಮಾಡುವುದು ಆ ಜೋಡಣೆಯನ್ನೇ.

ಬೇಕಾದ ಸಾಮಾನು

ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. 80 ಮತ್ತು 90ರ ದಶಕದ ಆಟಗಳಿಗೆ ದುಬಾರಿ ಯಂತ್ರ ಬೇಕಿಲ್ಲ. ಎನ್‌ವಿಡಿಎ ಉಚಿತ. ಅದರೊಳಗಿನ ಈಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ, ಆದರೆ ಆಟದ ಮೆನು ಎಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ಆಡುವಾಗ ಇಂಗ್ಲಿಷ್ ಧ್ವನಿಗೆ ಬದಲಿಸಿಕೊಳ್ಳಿ.

ಹೆಡ್‌ಫೋನ್ ವಯರ್ ಇರುವುದೇ ಆಗಬೇಕು. ಇದರಲ್ಲಿ ರಾಜಿ ಬೇಡ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಹಾಡು ಕೇಳುವಾಗ ಅದು ಗೊತ್ತೇ ಆಗುವುದಿಲ್ಲ. ಆಟದಲ್ಲಿ ಏಟಿನ ಸದ್ದು ಕಿವಿಗೆ ಬೀಳುವ ಹೊತ್ತಿಗೆ ನೀವು ನೆಲಕ್ಕೆ ಬಿದ್ದಿರುತ್ತೀರಿ. ಯುಎಸ್‌ಬಿ ಕಂಟ್ರೋಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೀಬೋರ್ಡ್ ನಡೆಯುತ್ತದೆ.

ಇನ್ನೊಂದು ಕೆಲಸ ಈಗಲೇ ಮಾಡಿ. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಭಾಗದಲ್ಲಿ ಆಡಿಯೋ ಅಂತ ಇದೆ. ಅದರಲ್ಲಿ ಮೊನೊ ಆಡಿಯೋ ಆಫ್ ಇದೆಯಾ ನೋಡಿ. ಆನ್ ಇದ್ದರೆ ಎಡ ಬಲ ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ. ನಾನು ಯಾವಾಗಲೋ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೀಟಿಂಗ್ ಕೇಳಲು ಅದನ್ನು ಆನ್ ಮಾಡಿ ಮರೆತಿದ್ದೆ. ಆಮೇಲೆ ಎರಡು ವಾರ, ಈ ಆಟದಲ್ಲಿ ಎಡ ಬಲ ಗೊತ್ತಾಗುವುದೇ ಇಲ್ಲ ಅಂತ ಆಟವನ್ನು ಬೈದಿದ್ದೇ ಬೈದಿದ್ದು.

ಬಿಸಿಮಾಡಿಕೊಳ್ಳಲು: ಓದುವ ಆಟ

ನೇರ ಹೊಡೆದಾಟಕ್ಕೆ ಇಳಿಯುವ ಮೊದಲು ಒಂದು ಟೆಕ್ಸ್ಟ್ ಅಡ್ವೆಂಚರ್ ಆಡಿ. ಇವುಗಳಲ್ಲಿ ಚಿತ್ರವೇ ಇಲ್ಲ. ಕಥೆ ಅಕ್ಷರದಲ್ಲಿ ಬರುತ್ತದೆ, ನೀವು ಟೈಪ್ ಮಾಡಿ ಉತ್ತರ ಕೊಡುತ್ತೀರಿ. ಸ್ಕ್ರೀನ್ ರೀಡರ್‌ಗೆ ಇದಕ್ಕಿಂತ ಹಿತವಾದ ಆಟ ಇನ್ನೊಂದಿಲ್ಲ.

70ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೋರ್ಕ್‌ನಿಂದ ಶುರು ಮಾಡಿ. ವಿಂಡೋಸ್ ಫ್ರಾಟ್ಸ್ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ಆಟದ ಫೈಲ್ ತೆರೆಯಬಹುದು. ಪಠ್ಯ ಓದಿ ಹೇಳುವ ಆಯ್ಕೆ ಅದರೊಳಗೇ ಇದೆ. ಆಟ ಶುರುವಾದಾಗ ನೀವು ಒಂದು ಬಿಳಿ ಮನೆಯ ಪಶ್ಚಿಮಕ್ಕೆ ನಿಂತಿರುತ್ತೀರಿ. ಪಕ್ಕದಲ್ಲೊಂದು ಅಂಚೆ ಡಬ್ಬಿ. ಇಂಗ್ಲಿಷಿನಲ್ಲಿ ‘ಓಪನ್ ಮೇಲ್‌ಬಾಕ್ಸ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಒಳಗೊಂದು ಚೀಟಿ ಸಿಗುತ್ತದೆ. ದಿಕ್ಕಿಗೆ ಒಂದೊಂದೇ ಅಕ್ಷರ ಸಾಕು: ಉತ್ತರಕ್ಕೆ ಎನ್, ದಕ್ಷಿಣಕ್ಕೆ ಎಸ್, ಪೂರ್ವಕ್ಕೆ ಇ, ಪಶ್ಚಿಮಕ್ಕೆ ಡಬ್ಲ್ಯೂ. ಮನೆಯೊಳಗೆ ಸಿಗುವ ಹಿತ್ತಾಳೆ ಲಾಟೀನನ್ನು ಬಿಟ್ಟು ಹೋಗಬೇಡಿ. ನೆಲಮಾಳಿಗೆಯಲ್ಲಿ ದೀಪವಿಲ್ಲದೆ ಓಡಾಡಿದರೆ ಗ್ರೂ ಎಂಬ ಪ್ರಾಣಿ ತಿಂದುಬಿಡುತ್ತದೆ. ಬದುಕೆಲ್ಲ ದೀಪವಿಲ್ಲದೆಯೇ ಓಡಾಡಿರುವ ನನಗೆ ಇದು ಶುದ್ಧ ಅನ್ಯಾಯ ಅನ್ನಿಸಿತ್ತು.

ಇದರಿಂದ ಒಂದು ಅಭ್ಯಾಸ ಬರುತ್ತದೆ. ನಕ್ಷೆಯನ್ನು ತಲೆಯಲ್ಲಿ ಕಟ್ಟಿಕೊಳ್ಳುವುದು. ಮುಂದೆ ಅದು ಬೇಕಾಗುತ್ತದೆ.

ರೆಟ್ರೋಆರ್ಚ್ ಹಾಕಿಕೊಂಡು ಮಾತಾಡಿಸುವುದು

ಹಳೇ ಗೇಮ್ ಮೆಷಿನ್‌ಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ರೋಗ್ರಾಮ್‌ಗೆ ಎಮ್ಯುಲೇಟರ್ ಅನ್ನುತ್ತಾರೆ. ಹಲವಾರು ಇವೆ. ರೆಟ್ರೋಆರ್ಚ್ ನಮಗೆ ಯಾಕೆ ಹೊಂದುತ್ತದೆ ಅಂದರೆ ಅದರ ಮೆನು ತಾನೇ ಮಾತಾಡುತ್ತದೆ. ಆದರೆ ಮೊದಲ ಸಲ ತೆರೆದಾಗ ಅದು ಮೂಕ. ಮಾತಾಡಿಸಲು ಹೀಗೆ ಮಾಡಿ.

1. ರೆಟ್ರೋಆರ್ಚ್‌ನ ಅಧಿಕೃತ ತಾಣದಿಂದ ವಿಂಡೋಸ್ ಇನ್‌ಸ್ಟಾಲರ್ ಇಳಿಸಿ ಹಾಕಿಕೊಳ್ಳಿ.

2. ಡೆಸ್ಕ್‌ಟಾಪ್‌ನಲ್ಲಿರುವ ಅದರ ಶಾರ್ಟ್‌ಕಟ್ ಮೇಲೆ ನಿಂತು ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ. ಪ್ರಾಪರ್ಟೀಸ್ ಕಿಟಕಿ ತೆರೆಯುತ್ತದೆ. ಟಾರ್ಗೆಟ್ ಎಂಬ ಜಾಗಕ್ಕೆ ಹೋಗಿ.

3. ಎಂಡ್ ಕೀ ಒತ್ತಿ ಸಾಲಿನ ಕೊನೆಗೆ ಹೋಗಿ. ಕೊನೆಯಲ್ಲಿ ಉದ್ಧರಣ ಚಿಹ್ನೆ ಇದ್ದರೆ ಅದರ ಆಚೆ ಬರೆಯಬೇಕು, ಒಳಗಲ್ಲ. ಒಂದು ಸ್ಪೇಸ್, ಎರಡು ಹೈಫನ್, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಆ್ಯಕ್ಸೆಸಿಬಿಲಿಟಿ ಅಂತ ಟೈಪ್ ಮಾಡಿ. ಸ್ಪೆಲ್ಲಿಂಗ್ ಸರಿ ಇರಲಿ. ಎಂಟರ್ ಒತ್ತಿ.

4. ಈಗ ಆ ಶಾರ್ಟ್‌ಕಟ್ ತೆರೆದರೆ ಮೆನು ಮಾತಾಡುತ್ತದೆ. ಬಾಣದ ಕೀಗಳಿಂದ ಓಡಾಡಿ. ಒಳಗೆ ಹೋಗಲು ಎಕ್ಸ್ ಕೀ, ಹಿಂದೆ ಬರಲು ಝಡ್ ಕೀ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಭಾಗದಲ್ಲಿ ಇದನ್ನು ಖಾಯಂ ಆನ್ ಮಾಡಬಹುದು. ಮಾತಿನ ವೇಗದ ಆಯ್ಕೆಯೂ ಅಲ್ಲೇ ಇದೆ.

5. ಆನ್‌ಲೈನ್ ಅಪ್‌ಡೇಟರ್‌ಗೆ ಹೋಗಿ ಕೋರ್ ಡೌನ್‌ಲೋಡರ್ ತೆರೆಯಿರಿ. ಕೋರ್ ಅಂದರೆ ಒಂದು ಮೆಷಿನ್ ಅನುಕರಿಸುವ ಭಾಗ, ಒಂದೊಂದು ಮೆಷಿನ್‌ಗೆ ಒಂದೊಂದು. ಉದ್ದನೆ ಪಟ್ಟಿ, ತಾಳ್ಮೆ ಬೇಕು. ಮೊದಲಿಗೆ ನಾಲ್ಕು ಸಾಕು: ನಿಂಟೆಂಡೋ ಎನ್‌ಇಎಸ್‌ಗೆ ಎಫ್‌ಸಿಇಯುಎಂಎಂ, ಸೂಪರ್ ನಿಂಟೆಂಡೋಗೆ ಸ್ನೆಸ್9ಎಕ್ಸ್, ಸೆಗಾ ಮೆಗಾ ಡ್ರೈವ್‌ಗೆ ಜೆನೆಸಿಸ್ ಪ್ಲಸ್ ಜಿಎಕ್ಸ್, ಗೇಮ್ ಬಾಯ್‌ಗೆ ಎಂಜಿಬಿಎ.

ಆಟದ ಫೈಲ್ ಬಗ್ಗೆ ಒಂದು ಮಾತು. ಎಮ್ಯುಲೇಟರ್ ಬಳಸುವುದರಲ್ಲಿ ತಪ್ಪಿಲ್ಲ. ಬೇರೆಯವರ ಹಕ್ಕಿರುವ ಆಟವನ್ನು ಸುಮ್ನೆ ಎಲ್ಲಿಂದಲೋ ಇಳಿಸಿಕೊಳ್ಳುವುದು ತಪ್ಪು. ನಿಮ್ಮ ಹತ್ತಿರ ಇರುವ ಕ್ಯಾಸೆಟ್‌ನಿಂದ ತೆಗೆದ ಪ್ರತಿ, ದುಡ್ಡು ಕೊಟ್ಟು ಕೊಂಡದ್ದು, ಅಥವಾ ಹವ್ಯಾಸಿಗಳು ಉಚಿತವಾಗಿ ಹಂಚುವ ಹೊಸ ಆಟಗಳು, ಇವುಗಳಲ್ಲೇ ಆಡಿ.

ಆಟ ಓಡುವಾಗ ಕೀಬೋರ್ಡ್ ಹೀಗಿರುತ್ತದೆ. ಬಾಣದ ಕೀಗಳು ದಿಕ್ಕಿಗೆ. ಎಂಟರ್ ಸ್ಟಾರ್ಟ್ ಬಟನ್, ಬಲಗಡೆಯ ಶಿಫ್ಟ್ ಸೆಲೆಕ್ಟ್. ಕಂಟ್ರೋಲರ್‌ನ ಎ ಬಟನ್‌ಗೆ ಎಕ್ಸ್ ಕೀ, ಬಿ ಬಟನ್‌ಗೆ ಝಡ್, ಎಕ್ಸ್ ಬಟನ್‌ಗೆ ಎಸ್, ವೈ ಬಟನ್‌ಗೆ ಎ, ಎಲ್ ಬಟನ್‌ಗೆ ಕ್ಯೂ, ಆರ್ ಬಟನ್‌ಗೆ ಡಬ್ಲ್ಯೂ. ಹೆಸರು ಒಂದು, ಕೀ ಇನ್ನೊಂದು. ತಲೆ ಕೆಡುತ್ತದೆ, ಎರಡು ದಿನಕ್ಕೆ ಬೆರಳಿಗೆ ಕೂರುತ್ತದೆ. ಎಫ್1 ಒತ್ತಿದರೆ ಆಟ ನಿಂತು ಮೆನು ಬರುತ್ತದೆ.

ಆಟ ಶುರುವಾದೊಡನೆ ಎನ್‌ವಿಡಿಎ ನೀವು ಒತ್ತಿದ ಪ್ರತಿ ಅಕ್ಷರವನ್ನೂ ಕೂಗಲು ಶುರು ಮಾಡಬಹುದು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್‌ಸರ್ಟ್) ಹಿಡಿದು 2 ಒತ್ತಿ, ಸುಮ್ಮನಾಗುತ್ತದೆ. ಸ್ಲೀಪ್ ಮೋಡ್‌ಗೆ ಹಾಕಬೇಡಿ. ಹಾಕಿದರೆ ಮುಂದೆ ಹೇಳುವ ಓದುವ ಸಹಾಯವೂ ಮಲಗಿಬಿಡುತ್ತದೆ.

ಸೇವ್ ಸ್ಟೇಟ್: ನಮ್ಮ ಊರುಗೋಲು

ಎಫ್2 ಒತ್ತಿದರೆ ಆಟ ಆ ಕ್ಷಣ ಹೇಗಿದೆಯೋ ಹಾಗೇ ಉಳಿಯುತ್ತದೆ. ಎಫ್4 ಒತ್ತಿದರೆ ಅಲ್ಲಿಗೇ ವಾಪಸ್. ಎಫ್6, ಎಫ್7ರಿಂದ ಬೇರೆಬೇರೆ ಖಾನೆ ಬದಲಿಸಬಹುದು. ಸ್ಪೇಸ್ ಒತ್ತಿದರೆ ಆಟ ವೇಗವಾಗಿ ಓಡುತ್ತದೆ. ಇ ಕೀಯಿಂದ ನಿಧಾನವಾಗುತ್ತದೆ.

ಇದು ಮೋಸ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಕಣ್ಣಿರುವವನು ಒಂದು ಹೊಂಡ ಎದುರಾದರೆ ದೂರದಿಂದಲೇ ನೋಡಿರುತ್ತಾನೆ. ನಾನು ಅದರೊಳಗೆ ಬಿದ್ದೇ ತಿಳಿಯಬೇಕು. ಒಮ್ಮೆ ಬಿದ್ದು, ವಾಪಸ್ ಬಂದು, ಎಷ್ಟು ಹೆಜ್ಜೆಗೆ ಬಿದ್ದೆ ಅಂತ ಲೆಕ್ಕ ಹಾಕುವುದು ನನ್ನ ನೋಡುವ ರೀತಿ. ಇದರಲ್ಲಿ ಮೋಸ ಎಲ್ಲಿಂದ ಬಂತು?

ಮೆಷಿನ್ ನೋಡಿ ಆಟ ಆರಿಸಿ

ಎನ್‌ಇಎಸ್ ಮತ್ತು ನಮ್ಮಲ್ಲಿ ಸಿಗುತ್ತಿದ್ದ ಅದರ ನಕಲುಗಳು ಮೊನೊ. ಸದ್ದಿಗೆ ಐದೇ ಚಾನೆಲ್, ಅಂದರೆ ಒಟ್ಟಿಗೆ ಐದೇ ಸದ್ದು. ಎಡ ಬಲ ಅನ್ನುವುದೇ ಇಲ್ಲ. ಸೂಪರ್ ನಿಂಟೆಂಡೋದಲ್ಲಿ ಎಂಟು ಚಾನೆಲ್, ಸ್ಟೀರಿಯೋ. ಮೆಗಾ ಡ್ರೈವ್ ಕೂಡ ಸ್ಟೀರಿಯೋ ಕೊಡಬಲ್ಲದು. ಗೇಮ್ ಬಾಯ್‌ನ ಪುಟ್ಟ ಸ್ಪೀಕರ್ ಮೊನೊ, ಆದರೆ ಹೆಡ್‌ಫೋನ್ ಹಾಕಿದರೆ ಸ್ಟೀರಿಯೋ. ಪ್ಲೇಸ್ಟೇಷನ್‌ಗೆ 24 ಚಾನೆಲ್ ಸ್ಟೀರಿಯೋ.

ಮೆಷಿನ್‌ಗೆ ಸ್ಟೀರಿಯೋ ಬಂದರೂ ಆಟ ಅದನ್ನು ದಿಕ್ಕು ಹೇಳಲು ಬಳಸಬೇಕೆಂದೇನಿಲ್ಲ. ಸಂಗೀತ ಮಾತ್ರ ಎರಡು ಕಿವಿಗೆ ಹಂಚಿ, ಏಟಿನ ಸದ್ದನ್ನೆಲ್ಲ ನಡುವೆ ಹಾಕಿಬಿಟ್ಟ ಆಟಗಳು ಬೇಕಾದಷ್ಟಿವೆ. ಆದ್ದರಿಂದ ಹೊಸ ಆಟ ಸಿಕ್ಕಿದರೆ ಮೊದಲ ಐದು ನಿಮಿಷ ಗೆಲ್ಲಲು ನೋಡಬೇಡಿ. ಎಡಕ್ಕೆ ಪೂರ್ತಿ ಹೋಗಿ ಒಂದು ಏಟು ಹಾಕಿ. ಬಲಕ್ಕೆ ಪೂರ್ತಿ ಹೋಗಿ ಅದೇ ಏಟು ಹಾಕಿ. ಸದ್ದು ಕಿವಿಯಿಂದ ಕಿವಿಗೆ ಜಾರಿತೇ? ಜಾರಿದರೆ ಆ ಆಟ ಇಟ್ಟುಕೊಳ್ಳಿ. ಗೋಡೆಗೆ ಗುದ್ದಿ ನಡೆಯಿರಿ. ಸದ್ದು ಬಂತೇ? ಹೊಡೆತ ತಾಗಿದ್ದಕ್ಕೂ ಗಾಳಿಗೆ ಹೋದದ್ದಕ್ಕೂ ವ್ಯತ್ಯಾಸ ಇದೆಯೇ?

1985ರ ಸೂಪರ್ ಮಾರಿಯೋ ಬ್ರದರ್ಸ್ ಇಲ್ಲೇ ಸೋಲುತ್ತದೆ. ಹಾರಿದ ಸದ್ದು, ನಾಣ್ಯದ ಸದ್ದು, ಇಟ್ಟಿಗೆ ಒಡೆದ ಸದ್ದು, ಶತ್ರುವನ್ನು ತುಳಿದ ಸದ್ದು ಎಲ್ಲ ಇದೆ. ಸಮಯ 100ಕ್ಕೆ ಇಳಿದಾಗ ಸಂಗೀತ ಓಡಲು ಶುರುಮಾಡುತ್ತದೆ, ಅದೂ ಗೊತ್ತಾಗುತ್ತದೆ. ಆದರೆ ಪೈಪಿಗೆ ಎದುರು ನಿಂತು ನಡೆಯುತ್ತಲೇ ಇದ್ದರೆ? ಒಂದು ಚೂರೂ ಸದ್ದಿಲ್ಲ. ನೀವು ಮುಂದೆ ಹೋಗುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಮಾರಿಯೋ ಪೈಪಿಗೆ ಮೂಗು ಒತ್ತಿ ನಿಂತಿರುತ್ತಾನೆ. ಮೊದಲ ಹಂತವನ್ನು ಸಂಗೀತದ ತಾಳಕ್ಕೆ ಹಾರುತ್ತಾ ಬಾಯಿಪಾಠ ಮಾಡಬಹುದು. ನಾನು ಮಾಡಿದ್ದೇನೆ. ಎರಡನೇ ಹಂತಕ್ಕೆ ಬಂದಾಗ ಉತ್ಸಾಹ ಮುಗಿದಿತ್ತು.

ಸಂಗೀತ ಜಾಸ್ತಿಯಾಗಿ ಏಟಿನ ಸದ್ದು ಮುಳುಗುತ್ತಿದ್ದರೆ ಮೊದಲು ಆಟದ ಆಪ್ಷನ್ಸ್‌ನಲ್ಲೇ ಸಂಗೀತ ನಿಲ್ಲಿಸಲು ಬರುತ್ತದೆಯೇ ಹುಡುಕಿ. ಇಲ್ಲದಿದ್ದರೆ ಎನ್‌ಇಎಸ್ ಆಟಗಳಿಗೆ ಒಂದು ಉಪಾಯವಿದೆ. ಎಫ್1 ಒತ್ತಿ ಕೋರ್ ಆಪ್ಷನ್ಸ್‌ಗೆ ಹೋದರೆ ಎಫ್‌ಸಿಇಯುಎಂಎಂನಲ್ಲಿ ಒಂದೊಂದು ಸದ್ದಿನ ಚಾನೆಲ್ಲನ್ನೂ ಬೇರೆಯಾಗಿ ಮುಚ್ಚಬಹುದು. ಟ್ರಯಾಂಗಲ್ ಚಾನೆಲ್ ಸಾಮಾನ್ಯವಾಗಿ ಬೇಸ್ ನುಡಿಸುತ್ತದೆ. ಅದನ್ನು ಮುಚ್ಚಿ. ಸ್ಕ್ವೇರ್ ಮತ್ತು ನಾಯ್ಸ್ ಚಾನೆಲ್ ಮುಟ್ಟಬೇಡಿ, ಏಟು, ನೆಗೆತ ಎಲ್ಲ ಹೆಚ್ಚಾಗಿ ಅಲ್ಲೇ ಬರುತ್ತವೆ.

ಮೊದಲ ಹೊಡೆದಾಟ: ಸ್ಟ್ರೀಟ್ ಫೈಟರ್ 2

ಫೈಟಿಂಗ್ ಆಟಗಳು ನಮಗೆ ಹೇಳಿ ಮಾಡಿಸಿದಂತಿವೆ. ಹೊಂಡ ಇಲ್ಲ, ದಾರಿ ಹುಡುಕುವುದಿಲ್ಲ. ಇಬ್ಬರೇ ಜನ, ಒಂದೇ ಗೆರೆಯ ಮೇಲೆ. ‘ಎಲ್ಲಿ’ ಅನ್ನುವ ಪ್ರಶ್ನೆ ಹತ್ತಿರವೋ ದೂರವೋ, ಎಡವೋ ಬಲವೋ ಅನ್ನುವಷ್ಟಕ್ಕೆ ಇಳಿಯುತ್ತದೆ. 2005ರಲ್ಲಿ ಅಮೆರಿಕದ ನೆಬ್ರಾಸ್ಕಾದ ಒಬ್ಬ ಅಂಧ ಹುಡುಗ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಎಲ್ಲರನ್ನೂ ಸೋಲಿಸುತ್ತಾನೆ ಅಂತ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಆ ಆಟ ಮಾಡಿದವರಲ್ಲಿ ಒಬ್ಬರಾದ ಎಡ್ ಬೂನ್ ಕೂಡ ಅವನ ಕೈಲಿ ಸೋತಿದ್ದರು.

ನಾನು ಕಲಿತದ್ದು ಸೂಪರ್ ನಿಂಟೆಂಡೋದ ಸ್ಟ್ರೀಟ್ ಫೈಟರ್ 2ರಲ್ಲಿ. ಅದನ್ನೇ ಹೇಳುತ್ತೇನೆ.

ಆಟಗಾರರನ್ನು ಆರಿಸುವ ಪರದೆಯಲ್ಲಿ ಎರಡು ಸಾಲು, ಸಾಲಿಗೆ ನಾಲ್ಕು ಜನ. ಮೇಲಿನ ಸಾಲು ಎಡದಿಂದ: ರ್ಯೂ, ಹೋಂಡಾ, ಬ್ಲಾಂಕಾ, ಗೈಲ್. ಕೆಳಗಿನ ಸಾಲು: ಕೆನ್, ಚುನ್ ಲಿ, ಝಾಂಗೀಫ್, ಧಲ್ಸಿಮ್. ನೀವು ಮೊದಲಿಗೆ ರ್ಯೂ ಮೇಲೆ ಇರುತ್ತೀರಿ. ಧಲ್ಸಿಮ್ ನಮ್ಮ ದೇಶದವನು, ಅವನೇ ಬೇಕು ಅಂದರೆ ಕೆಳಗೆ ಒಂದು, ಬಲಕ್ಕೆ ಮೂರು. ಆದರೆ ಶುರುವಿಗೆ ರ್ಯೂನೇ ಇರಲಿ.

ಎದುರಾಳಿ ಯಾರು ಅಂತ ಯಾರೂ ಓದಿ ಹೇಳಬೇಕಿಲ್ಲ. ಒಬ್ಬೊಬ್ಬನ ಊರಿಗೂ ಬೇರೆ ಸಂಗೀತ. ನಾಲ್ಕು ಸಲ ಕೇಳಿದರೆ ಮೊದಲ ಎರಡು ಸ್ವರಕ್ಕೇ ಗೈಲ್ ಬಂದ ಅಂತ ಗೊತ್ತಾಗುತ್ತದೆ.

ಈಗ ಹದೋಕೆನ್, ಅಂದರೆ ಬೆಂಕಿ ಉಂಡೆ. ನೀವು ಎಡಗಡೆ ನಿಂತಿದ್ದೀರಿ, ಎದುರಾಳಿ ಬಲಕ್ಕೆ. ಕೆಳಗಿನ ಬಾಣ ಒತ್ತಿ ಹಿಡಿಯಿರಿ. ಅದನ್ನು ಬಿಡದೆ ಬಲಗಡೆಯ ಬಾಣ ಸೇರಿಸಿ. ಕೆಳಗಿನದನ್ನು ಬಿಡಿ. ತಕ್ಷಣ ಪಂಚ್, ಅಂದರೆ ಕೀಬೋರ್ಡಿನ ಎ. ಇದೆಲ್ಲ ಒಂದೇ ಜಾರಿಕೆಯಲ್ಲಿ ಆಗಬೇಕು. ಸರಿಯಾದರೆ ರ್ಯೂ ಅದರ ಹೆಸರು ಕೂಗುತ್ತಾನೆ. ಕೂಗದಿದ್ದರೆ ತಪ್ಪಿದೆ. ಕಣ್ಣಿರುವವರಿಗೂ ಇದು ಮೊದಲ ದಿನ ಬರುವುದಿಲ್ಲ.

ಅಭ್ಯಾಸಕ್ಕೆ ಒಂದು ಉಪಾಯ. ಯಾರಿಗಾದರೂ ಎರಡನೇ ಕಂಟ್ರೋಲರ್ ಕೊಟ್ಟು ವರ್ಸಸ್ ಆಟಕ್ಕೆ ಕೂರಿಸಿ. ಆಟ ಶುರುವಾದೊಡನೆ ಎಫ್2 ಒತ್ತಿ, ಅವರಿಗೆ ಕಾಫಿ ಕೊಟ್ಟು ಕಳಿಸಿ. ಇನ್ನು ಮುಂದೆ ಎಫ್4 ಒತ್ತಿದಾಗಲೆಲ್ಲ ಸುಮ್ಮನೆ ನಿಂತ ಎದುರಾಳಿ ನಿಮಗೆ ಸಿಗುತ್ತಾನೆ.

ಇನ್ನು ಅಳತೆ. ಊರಲ್ಲಿ ಬಾವಿಗೆ ಕಲ್ಲು ಹಾಕಿ, ‘ಗುಳುಂ’ ಅನ್ನಲು ಎಷ್ಟು ಹೊತ್ತಾಯಿತು ಅಂತ ಆಳ ಅಂದಾಜು ಮಾಡುತ್ತಿದ್ದೆವಲ್ಲ, ಅದೇ ಲೆಕ್ಕ. ಬೆಂಕಿ ಉಂಡೆ ಎಸೆಯಿರಿ. ಕೂಗಿಗೂ ಏಟಿನ ಸದ್ದಿಗೂ ನಡುವಿನ ಸಮಯ ಎಣಿಸಿ. ಕೂಗಿದ ಮರುಕ್ಷಣವೇ ಬಡಿದರೆ ಅವನು ನಿಮ್ಮ ಮೂಗಿನ ಮುಂದಿದ್ದಾನೆ. ಹೊತ್ತಾಗಿ ಬಡಿದರೆ ಪರದೆಯ ಆ ಕೊನೆಯಲ್ಲಿ. ಬಡಿದ ಸದ್ದು ಮಂದವಾಗಿದ್ದರೆ ಅವನು ತಡೆದ. ಸದ್ದೇ ಬರದಿದ್ದರೆ ಹಾರಿದ, ಅಂದರೆ ಇನ್ನು ಅರ್ಧ ಸೆಕೆಂಡಿನಲ್ಲಿ ನಿಮ್ಮ ತಲೆ ಮೇಲೆ. ಆಗ ಹಿಂದಿನ ಬಾಣ ಹಿಡಿದು ತಡೆಯಿರಿ.

ಅವನು ನಿಮ್ಮ ತಲೆ ದಾಟಿ ಆಚೆ ಬದಿಗೆ ಇಳಿದರೆ ಎಡ ಬಲ ತಿರುಗುಮುರುಗಾಗುತ್ತದೆ. ಇದೇ ಎಲ್ಲಕ್ಕಿಂತ ಕಷ್ಟದ್ದು. ನಾನು ಮಾಡುವುದು ಇಷ್ಟು: ಅನುಮಾನ ಬಂದರೆ ಒಂದು ಹದೋಕೆನ್ ಪ್ರಯತ್ನಿಸುತ್ತೇನೆ. ಕೈ ಸರಿಯಾಗಿ ಆಡಿದರೂ ಕೂಗು ಬರಲಿಲ್ಲ ಅಂದರೆ ಬದಿ ಬದಲಾಗಿದೆ. ಮುಂದಿನದನ್ನು ಎಡಕ್ಕೆ ಎಸೆಯುತ್ತೇನೆ.

ಇದೇ ಕಾಲದ ಇನ್ನೊಂದು ಆಟ 1987ರ ಪಂಚ್ ಔಟ್. ಎನ್‌ಇಎಸ್‌ನದು, ಮೊನೊ, ಆದರೂ ನಡೆಯುತ್ತದೆ. ಯಾಕೆಂದರೆ ಎದುರಾಳಿ ಯಾವಾಗಲೂ ನಿಮ್ಮ ಎದುರೇ ನಿಂತಿರುತ್ತಾನೆ. ಅಲ್ಲಿ ಬೇಕಾದದ್ದು ‘ಯಾವಾಗ’ ಒಂದೇ. 2014ರ ಆರಂಭದಲ್ಲಿ ನಡೆದ ಆಸಮ್ ಗೇಮ್ಸ್ ಡನ್ ಕ್ವಿಕ್ ಎಂಬ ದತ್ತಿ ಕಾರ್ಯಕ್ರಮದಲ್ಲಿ ಒಬ್ಬ ಆಟಗಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಇದನ್ನು ಆಡಿ ತೋರಿಸಿದ. ಜನ ಎದ್ದು ನಿಂತು ಕೂಗಾಡಿದರು. ನಮ್ಮವರು ಅದನ್ನು ಬಟ್ಟೆ ಕಟ್ಟದೆ ಮಾಡುತ್ತಾರೆ, ಯಾರೂ ಕೂಗುವುದಿಲ್ಲ, ಇರಲಿ.

ಪರದೆಯ ಅಕ್ಷರ ಓದಿಸುವುದು

ಮೆನುವಿನಲ್ಲಿ ಸಿಕ್ಕಿಹಾಕಿಕೊಂಡಿರಿ ಅನ್ನಿ. ಆಟದೊಳಗಿನ ಅಕ್ಷರ ಚಿತ್ರವೇ ಹೊರತು ಪಠ್ಯವಲ್ಲ, ಹಾಗಾಗಿ ಎನ್‌ವಿಡಿಎಗೆ ಕಾಣುವುದಿಲ್ಲ. ಪಿ ಒತ್ತಿ ಆಟ ನಿಲ್ಲಿಸಿ. ಎನ್‌ವಿಡಿಎ ಕೀ ಮತ್ತು ಆರ್ ಒತ್ತಿ. ವಿಂಡೋಸ್ ಒಸಿಆರ್ ಚಿತ್ರದಿಂದ ಅಕ್ಷರ ಹೆಕ್ಕಿ ಕೊಡುತ್ತದೆ. ಬಾಣದ ಕೀಗಳಿಂದ ಸಾಲು ಸಾಲಾಗಿ ಓದಿ. ಮುಗಿದ ಮೇಲೆ ಎಸ್ಕೇಪ್ ಒಂದೇ ಸಲ ಒತ್ತಿ. ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಿದರೆ ಅದು ರೆಟ್ರೋಆರ್ಚ್‌ಗೆ ಹೋಗಿ ಆಟವೇ ಮುಚ್ಚುತ್ತದೆ. ನನ್ನ ಒಂದು ಸಂಜೆಯ ಆಟ ಹೀಗೇ ಹೋಗಿದೆ.

ಹಳೇ ಆಟದ ಅಕ್ಷರಗಳು ಚುಕ್ಕಿ ಜೋಡಿಸಿ ಮಾಡಿದಂಥವು. ಒಸಿಆರ್ ಎಡವುತ್ತದೆ. ಕಿಟಕಿಯನ್ನು ಪೂರ್ತಿ ಪರದೆಗೆ ಹಿಗ್ಗಿಸಿ, ಹಳೇ ಟಿವಿಯಂತೆ ಕಾಣಿಸುವ ಶೇಡರ್ ಏನಾದರೂ ಹಾಕಿದ್ದರೆ ತೆಗೆಯಿರಿ. ಆಗ ಮೊದಲಿಗಿಂತ ವಾಸಿ. ರೆಟ್ರೋಆರ್ಚ್‌ನಲ್ಲಿ ಎಐ ಸರ್ವಿಸ್ ಎಂಬ ಸೌಲಭ್ಯವೂ ಇದೆ, ಪರದೆಯ ಚಿತ್ರವನ್ನು ಒಂದು ಸರ್ವರ್‌ಗೆ ಕಳಿಸಿ ಓದಿಸಿಕೊಳ್ಳುವಂಥದ್ದು. ಅದಕ್ಕೆ ಸರ್ವರ್ ವಿಳಾಸ ಹೊಂದಿಸಬೇಕು, ಶುರುವಿನಲ್ಲೇ ಅದರ ಗೋಜು ಬೇಡ.

ಕಣ್ಣಿರುವವರ ಸಹಾಯ ಒಮ್ಮೆ ಸಿಕ್ಕರೆ ಸಾಕು, ಮೆನುಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಹೇಗೆ ಕೇಳಬೇಕು ಅನ್ನುವುದೂ ಮುಖ್ಯ. ಅಕ್ಕನ ಮಗನನ್ನು ಕೂರಿಸಿಕೊಂಡು ಕೇಳಿದೆ.

“ಮಾಮ, ಅಲ್ಲೊಂದು ಹಳದಿ ಬಣ್ಣದ್ದು ಮಿನುಗ್ತಾ ಇದೆ, ಅದನ್ನ ಒತ್ತು.”

“ಬಣ್ಣ ಬೇಡ ಪುಟ್ಟಾ. ಮೇಲಿಂದ ಎಷ್ಟನೇದು ಹೇಳು.”

“ಎರಡನೇದು. ಕೊನೇದಾದ್ಮೇಲೆ ಮತ್ತೆ ಮೇಲಕ್ಕೆ ಹೋಗತ್ತೆ ಮಾಮ.”

ಆ ಕೊನೆಯ ಮಾತು ಬಂಗಾರ. ಪಟ್ಟಿ ಸುತ್ತಿಕೊಂಡು ಮೊದಲಿಗೆ ಬರುತ್ತದೋ, ಕೊನೆಯಲ್ಲೇ ನಿಲ್ಲುತ್ತದೋ ಅಂತ ಕೇಳಲೇಬೇಕು. ನಿಲ್ಲುವ ಪಟ್ಟಿಯಾದರೆ ಹತ್ತು ಸಲ ಮೇಲಕ್ಕೆ ಒತ್ತಿ ಮೊದಲಿಗೆ ಬಂದು ಅಲ್ಲಿಂದ ಎಣಿಸಬಹುದು. ಸುತ್ತುವ ಪಟ್ಟಿಯಲ್ಲಿ ಆ ಉಪಾಯ ನಡೆಯುವುದಿಲ್ಲ.

ದೊಡ್ಡ ಆಟ: ಪೋಕೆಮಾನ್ ಕ್ರಿಸ್ಟಲ್

ಊರಿಂದೂರಿಗೆ ಅಲೆಯುವ, ಜನರ ಮಾತು ಓದುವ ಆಟಕ್ಕೆ ಒಸಿಆರ್ ಸಾಲದು. ಇಲ್ಲಿ ಬೇರೆಯೇ ಒಂದು ದಾರಿ ಇದೆ. ಪೋಕೆಮಾನ್ ಕ್ರಿಸ್ಟಲ್ ಗೇಮ್ ಬಾಯ್‌ನ ಅಂಥ ಒಂದು ಆಟ. ಅದಕ್ಕೆ ಪೋಕೆಮಾನ್ ಆ್ಯಕ್ಸೆಸ್ ಎಂಬ ಸ್ಕ್ರಿಪ್ಟ್‌ಗಳ, ಅಂದರೆ ಸಣ್ಣ ಪ್ರೋಗ್ರಾಮ್‌ಗಳ, ಒಂದು ಗಂಟು ಇದೆ. ರೆಟ್ರೋಆರ್ಚ್‌ನಲ್ಲಿ ಅಲ್ಲ, ವಿಬಿಎ ರೀ ರೆಕಾರ್ಡಿಂಗ್ ಎಂಬ ಎಮ್ಯುಲೇಟರ್‌ನಲ್ಲಿ ಓಡುತ್ತದೆ. ಇದು ಪರದೆಯ ಚಿತ್ರವನ್ನು ನೋಡುವುದೇ ಇಲ್ಲ. ಆಟದ ಮೆಮೊರಿಯೊಳಗೆ ಕೈಹಾಕಿ, ಅಲ್ಲಿರುವ ಮಾತು, ಬಾಗಿಲು, ಮನುಷ್ಯರ ಜಾಗ ಎಲ್ಲವನ್ನೂ ಎತ್ತಿ ಸ್ಕ್ರೀನ್ ರೀಡರ್‌ಗೆ ಕೊಡುತ್ತದೆ. ಅಡುಗೆಮನೆಯ ವಾಸನೆ ಹಿಡಿದು ಸಾರು ಯಾವುದು ಅಂತ ಊಹಿಸುವುದಕ್ಕೂ ಅಮ್ಮನನ್ನೇ ಕೇಳುವುದಕ್ಕೂ ಇರುವಷ್ಟು ವ್ಯತ್ಯಾಸ.

ಎಮ್ಯುಲೇಟರ್ ತೆರೆದು, ಆಟ ಹಾಕಿ, ಟೂಲ್ಸ್ ಮೆನುವಿನಿಂದ ಲುವಾ ಸ್ಕ್ರಿಪ್ಟ್ ಓಡಿಸಬೇಕು. ಆಮೇಲೆ ಜೆ, ಕೆ, ಎಲ್ ಕೀಗಳಿಂದ ಸುತ್ತಮುತ್ತ ಏನಿದೆ ಅಂತ ಒಂದೊಂದಾಗಿ ಕೇಳಬಹುದು: ಅಂಗಡಿ ಬಾಗಿಲು, ಒಬ್ಬ ಮನುಷ್ಯ, ಫಲಕ. ಬೇಕಾದದ್ದರ ಮೇಲೆ ನಿಂತು ಪಿ ಒತ್ತಿದರೆ ದಾರಿ ಹೇಳುತ್ತದೆ: ಮೇಲಕ್ಕೆ ಇಷ್ಟು, ಎಡಕ್ಕೆ ಇಷ್ಟು. ನಡೆಯುವಾಗ ಗೋಡೆಗೆ ತಾಗಿದರೆ ಆಟವೇ ‘ಧಡ್’ ಅನ್ನುತ್ತದೆ. ಮಾರಿಯೋದಲ್ಲಿ ಇಲ್ಲದೆ ಹೋದದ್ದು ಇದೇ ನೋಡಿ. ಪೋಕೆಮಾನ್ ಅಂದರೆ ಈ ಆಟದ ಪ್ರಾಣಿಗಳು. ಬಹುತೇಕ ಪೋಕೆಮಾನ್‌ಗಳಿಗೆ ಅವುಗಳದೇ ಕೂಗು ಇರುವುದರಿಂದ ಪೊದೆಯಿಂದ ಹಾರಿದ್ದು ಯಾವುದು ಅಂತ ಸಾಮಾನ್ಯವಾಗಿ ಹೆಸರು ಓದುವ ಮೊದಲೇ ಗೊತ್ತಾಗುತ್ತದೆ.

ಡೂಮ್‌ಗೂ ಇಂಥ ಸಹಾಯ ಬಂದಿದೆ. 1993ರ ಬಂದೂಕಿನ ಆಟ ಅದು. ಜಿಝಡ್‌ಡೂಮ್ ಎಂಬ ಉಚಿತ ಎಂಜಿನ್ ಮೇಲೆ ಟೋಬಿ ಆ್ಯಕ್ಸೆಸಿಬಿಲಿಟಿ ಮಾಡ್ (ಮಾಡ್ ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಮಾರ್ಪಾಡು) ಹಾಕಿದರೆ ಮೆನು ಮಾತಾಡುತ್ತದೆ, ದಿಕ್ಸೂಚಿ ಸಿಗುತ್ತದೆ, ಬಂದೂಕಿನ ಗುರಿಯನ್ನು ಶತ್ರುವಿನತ್ತ ತಿರುಗಿಸಲು ನೆರವಾಗುತ್ತದೆ. ಮೂಲ ಆಟ ನಿಮ್ಮಲ್ಲಿ ಇಲ್ಲದಿದ್ದರೆ ಫ್ರೀಡೂಮ್ ಎಂಬ ಉಚಿತ ಬದಲಿ ಇದೆ. ಮೂಲ ಡೂಮ್‌ನಲ್ಲೂ ಒಂದು ಗುಟ್ಟು: ಬಾಗಿಲು ತೆರೆಯುವ ಕೀಯನ್ನು ಬರೀ ಗೋಡೆಗೆ ಒತ್ತಿದರೆ ನಾಯಕ ‘ಊಂ’ ಅಂತ ಮುಲುಗುತ್ತಾನೆ. ಗೋಡೆ ತಡವಿಕೊಂಡು ಹೋಗಲು ಅದೇ ಸಾಕಷ್ಟು ಕೆಲಸಕ್ಕೆ ಬರುತ್ತದೆ.

ಮಾಡ್ ಇಲ್ಲದೆ ದೊಡ್ಡ ಆಟ ಮುಗಿಸಿದವರೂ ಇದ್ದಾರೆ. ಅಮೆರಿಕದ ಟೆರ್ರಿ ಗ್ಯಾರೆಟ್ 1998ರ ಝೆಲ್ಡಾ ಒಕರಿನಾ ಆಫ್ ಟೈಮ್ ಅನ್ನು ಸದ್ದಿನ ಮೇಲೇ ವರ್ಷಗಟ್ಟಲೆ ಕೂತು ಮುಗಿಸಿದರು. ಆಟದ ಕೊಕ್ಕೆಯ ಆಯುಧವನ್ನು ಎಸೆದು, ಅದು ಬಡಿಯುವ ಸದ್ದಿನಿಂದ ಎದುರಿಗೆ ಏನಿದೆ ಅಂತ ತಿಳಿಯುತ್ತಿದ್ದರು. ಬಾವಿಗೆ ಕಲ್ಲು ಹಾಕುವ ಲೆಕ್ಕವೇ.

ಮತ್ತೆ ನಮಗಾಗಿಯೇ ಹುಟ್ಟಿದ ಒಂದು ಹಳೇ ಆಟವೂ ಇದೆ. 1997ರಲ್ಲಿ ಜಪಾನಿನ ಕೆಂಜಿ ಎನೋ ಸೆಗಾ ಕಂಪನಿಯ ಸ್ಯಾಟರ್ನ್ ಮೆಷಿನ್‌ಗೆ ರಿಯಲ್ ಸೌಂಡ್ ಎಂಬ ಆಟ ಮಾಡಿದರು. ಪರದೆಯಲ್ಲಿ ಚಿತ್ರವೇ ಇಲ್ಲ, ಬರೀ ಧ್ವನಿ. ತಮ್ಮ ಆಟಗಳನ್ನು ಕಣ್ಣು ಕಾಣದವರೂ ಕಷ್ಟಪಟ್ಟು ಆಡುತ್ತಾರೆ ಅಂತ ತಿಳಿದು, ಅವರನ್ನು ಭೇಟಿಯಾದ ಮೇಲೆ ಮಾಡಿದ್ದು. ಸೆಗಾ 1000 ಮೆಷಿನ್‌ಗಳನ್ನು ಅಂಧರಿಗೆ ಕೊಡಬೇಕು, ಆಗ ಆಟ ಸೆಗಾಕ್ಕೆ ಮಾತ್ರ ಅಂತ ಷರತ್ತು ಹಾಕಿದ್ದರು. ಡಬ್ಬಿಯಲ್ಲಿ ಬ್ರೈಲ್ ಸೂಚನೆ ಇತ್ತು, ಜೊತೆಗೆ ಒಂದು ಪೊಟ್ಟಣ ಗಿಡದ ಬೀಜ. ಆಟ ಪೂರ್ತಿ ಜಪಾನಿ ಭಾಷೆಯಲ್ಲಿದೆ, ನನಗೆ ಒಂದಕ್ಷರ ಬರುವುದಿಲ್ಲ.

ಕೊನೆಗೆ, ನಿಮ್ಮದೇ ಟಿಪ್ಪಣಿ

ನೋಟ್‌ಪ್ಯಾಡ್‌ನಲ್ಲಿ ಆಟಕ್ಕೊಂದು ಫೈಲ್ ಮಾಡಿ. ಸ್ಟಾರ್ಟ್ ಎಷ್ಟು ಸಲ ಒತ್ತಬೇಕು, ಯಾವ ಪಟ್ಟಿ ಸುತ್ತುತ್ತದೆ, ಯಾವ ಸದ್ದಿಗೆ ಏನರ್ಥ, ಯಾವ ಖಾನೆಯಲ್ಲಿ ಯಾವ ಸೇವ್ ಇದೆ. ಆರು ತಿಂಗಳ ಮೇಲೆ ವಾಪಸ್ ಬಂದಾಗ ನೆನಪಿರುವುದಿಲ್ಲ. ನನ್ನ ಫೈಲಿನ ಒಂದು ತುಂಡು ಇಲ್ಲಿದೆ:

ಸ್ಟ್ರೀಟ್ ಫೈಟರ್ 2. ಖಾನೆ 1: ರ್ಯೂ, ಎದುರಾಳಿ ಸುಮ್ನೆ ನಿಂತಿದ್ದಾನೆ, ಅಭ್ಯಾಸಕ್ಕೆ. ಖಾನೆ 2: ಗೈಲ್ ಎದುರು ಮೊದಲ ರೌಂಡ್. ಅವನನ್ನು ಮನುಷ್ಯರು ಆಡಿಸುತ್ತಿದ್ದರೆ ಹಿಂದೆ ಹಿಡಿದು ಒಂದೆರಡು ಸೆಕೆಂಡ್ ಕಾದೇ ಸಾನಿಕ್ ಬೂಮ್, ಅಂದರೆ ಅವನ ಎಸೆಯುವ ಏಟು, ಎಸೆಯಬೇಕು, ಆದ್ದರಿಂದ ಅವನು ಒಮ್ಮೆ ಕೂಗಿದ ಮೇಲೆ ಇನ್ನೊಮ್ಮೆ ಕೂಗುವ ಮೊದಲು ಮುಂದೆ ನುಗ್ಗು. ಖಾನೆ 3: ಅಣ್ಣ ಬಂದಾಗ ಆಡಿದ್ದು, ನಾನು ಗೆಲ್ಲುವ ಹೊತ್ತು. ಅಳಿಸಬೇಡ.